ಪೆಟ್ಟಿಗೆ ತರುವ ಮುನ್ನ ಸುತ್ತಲ ನೆಲ ನೋಡಿ: ಹಣ್ಣಿನ ತೋಟದ ಪರಾಗಸ್ಪರ್ಶಕ್ಕೆ ಒಂದು ಮಾರ್ಗದರ್ಶಿ

ಮಂಡ್ಯ, ಮೈಸೂರು ಜಿಲ್ಲೆಗಳ ಹಣ್ಣು ಬೆಳೆಗಾರರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: ಹೂ ಚೆನ್ನಾಗಿಯೇ ಬಿಡುತ್ತದೆ, ಕಾಯಿ ನಿಲ್ಲುವುದಿಲ್ಲ, ಎಕರೆಗೆ ಎಷ್ಟು ಜೇನುಪೆಟ್ಟಿಗೆ ಇಡಬೇಕು? ಇದಕ್ಕೆ ಒಂದು ಸಂಖ್ಯೆ ಹೇಳಿ ಮುಗಿಸಬಹುದು, ಆದರೆ ಆ ಸಂಖ್ಯೆ ಅರ್ಧ ಉತ್ತರವಷ್ಟೇ. ನಿಮ್ಮ ಬೆಳೆ ಹೂವಿನಲ್ಲಿರುವುದು ವರ್ಷದಲ್ಲಿ ಕೆಲವೇ ವಾರ. ಉಳಿದ ತಿಂಗಳುಗಳಲ್ಲಿ ಜೇನನ್ನೂ ಅದರ ಬಂಧುಬಳಗವನ್ನೂ ಸಾಕುವುದು ನಿಮ್ಮ ತೋಟವಲ್ಲ, ತೋಟದ ಸುತ್ತಲಿನ ಬೇಲಿ, ಬದು, ಕೆರೆ ಏರಿ, ಗುಂಡುತೋಪು, ಬೀಳುಭೂಮಿ ಮತ್ತು ಪಕ್ಕದವರ ಹೊಲ.

ನಾಲೆ ಬಯಲಿನಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಕೃಷ್ಣರಾಜಸಾಗರದ ನೀರು ಹರಿಯುವ ವಿಶ್ವೇಶ್ವರಯ್ಯ ನಾಲೆಯ ಎರಡೂ ಬದಿಗೆ ಕಣ್ಣು ಹಾಯಿಸಿದಷ್ಟು ದೂರ ಹಸಿರಿದೆ, ಆದರೆ ಅದರಲ್ಲಿ ಬಹುಪಾಲು ಭತ್ತ ಮತ್ತು ಕಬ್ಬು. ಭತ್ತ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ, ಅದರ ಹೂವಿನಲ್ಲಿ ಮಕರಂದವಿಲ್ಲ. ಕಬ್ಬನ್ನು ಸಾಮಾನ್ಯವಾಗಿ ಸೂಲಂಗಿ ಬರುವ ಮೊದಲೇ ಕಡಿಯುತ್ತಾರೆ; ಬಂದರೂ ಅದು ಗಾಳಿಗೆ ಪರಾಗ ತೂರುವ ಹೂವೇ ಹೊರತು ಜೇನನ್ನು ಕರೆಯುವ ಹೂವಲ್ಲ. ಇದಕ್ಕೆ ಹೋಲಿಸಿದರೆ ನಾಗಮಂಗಲ, ಮಳವಳ್ಳಿ, ಹೆಗ್ಗಡದೇವನಕೋಟೆಯ ಕಡೆಯ ಹುಚ್ಚೆಳ್ಳು, ಹುರುಳಿ, ಹೊಂಗೆಗಳ ಒಣಭೂಮಿ ನೋಡುವುದಕ್ಕೆ ಬಡವಾಗಿದ್ದರೂ ಜೇನಿನ ಪಾಲಿಗೆ ಅನುಕೂಲವಂತ ನೆಲ. ಆದ್ದರಿಂದ ಪೆಟ್ಟಿಗೆಯ ಲೆಕ್ಕವನ್ನು ಈ ಲೇಖನದಲ್ಲಿ ಎಂಟನೆಯ ಹಂತಕ್ಕೆ ಇಟ್ಟಿದ್ದೇನೆ; ಅದಕ್ಕೆ ಮೊದಲಿನ ಏಳನ್ನು ಬಿಟ್ಟು ಅಲ್ಲಿಗೇ ಹೋಗಬೇಡಿ.

ಬೇಕಾಗುವ ಸಾಮಗ್ರಿ

ಒಂದು ನೋಟ್‌ಬುಕ್, ಉಪಗ್ರಹ ಚಿತ್ರ ತೋರಿಸುವ ನಕ್ಷೆ ಇರುವ ಮೊಬೈಲು, ಹಳೆಯ ಸೊಳ್ಳೆಪರದೆಯಿಂದ ಹೊಲಿದ ಹತ್ತು ಸಣ್ಣ ಚೀಲ, ಮೂರು ಬಣ್ಣದ ಉಲ್ಲನ್ ದಾರ. ಮಾವಿನ ತೋಟವಾದರೆ ಇಡೀ ಹೂಗೊಂಚಲು ಹಿಡಿಸುವಷ್ಟು ದೊಡ್ಡ ಚೀಲಗಳು ಬೇಕು. ಪ್ಲಾಸ್ಟಿಕ್ ಚೀಲ ಬೇಡ, ಬಿಸಿಲಿಗೆ ಒಳಗಿನ ಹೂ ಬೆಂದುಹೋಗುತ್ತದೆ.

ಹಂತ 1: ನಿಮ್ಮ ಬೆಳೆಗೆ ಜೇನು ಬೇಕೇ ಎಂದು ಮೊದಲು ತಿಳಿಯಿರಿ

ಪರಾಗಸ್ಪರ್ಶ ಎಂದರೆ ಹೂವಿನ ಗಂಡುಭಾಗವಾದ ಕೇಸರದ ಪುಡಿ, ಅಂದರೆ ಪರಾಗ, ಹೆಣ್ಣುಭಾಗದ ಅಂಟಾದ ತುದಿಯನ್ನು, ಅಂದರೆ ಶಲಾಕಾಗ್ರವನ್ನು, ಮುಟ್ಟುವುದು. ಈ ಕೆಲಸಕ್ಕೆ ಎಲ್ಲ ಬೆಳೆಗಳೂ ಕೀಟವನ್ನು ಕಾಯುವುದಿಲ್ಲ.

ಬಾಳೆಗೆ ಪರಾಗಸ್ಪರ್ಶವೇ ಬೇಡ. ನಂಜನಗೂಡು ರಸಬಾಳೆಯಾಗಲಿ, ಏಲಕ್ಕಿ ಬಾಳೆಯಾಗಲಿ ಬೀಜವಿಲ್ಲದೆಯೇ ಕಾಯಿ ಕಟ್ಟುತ್ತವೆ. ಬಾಳೆಹೂವಿಗೆ ಜೇನು ಮುತ್ತುವುದು ಮಕರಂದಕ್ಕಾಗಿ ಮಾತ್ರ, ಅದರಿಂದ ಗೊನೆಯ ತೂಕವೇನೂ ಏರುವುದಿಲ್ಲ. ಪಪಾಯದ ರೆಡ್ ಲೇಡಿಯಂತಹ ತಳಿಗಳಲ್ಲಿ ಗಂಡು ಹೆಣ್ಣು ಭಾಗಗಳೆರಡೂ ಒಂದೇ ಹೂವಿನಲ್ಲಿರುವ ಗಿಡಗಳು ತಾವೇ ಕಾಯಿ ಕಟ್ಟಿಕೊಳ್ಳುತ್ತವೆ. ಸೀತಾಫಲದ ಕೆಲಸ ಮಾಡುವುದು ಜೇನಲ್ಲ, ಹೂವಿನೊಳಗೆ ನುಸುಳುವ ಸಾಸಿವೆಕಾಳಿನಷ್ಟು ಚಿಕ್ಕ ಜೀರುಂಡೆಗಳು. ಅಲ್ಲಿಗೆ ಜೇನುಪೆಟ್ಟಿಗೆ ಒಯ್ಯುವುದು ವ್ಯರ್ಥ. ಡ್ರ್ಯಾಗನ್ ಹಣ್ಣಿನ ಹೂ ರಾತ್ರಿ ಅರಳುವುದರಿಂದ ಜೇನಿಗೆ ಸಿಗುವುದು ಬೆಳಗಿನ ಸ್ವಲ್ಪ ಹೊತ್ತು ಮಾತ್ರ, ಮತ್ತು ಕೆಲವು ತಳಿಗಳು ತಮ್ಮದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ.

ಕಲ್ಲಂಗಡಿ, ಕರಬೂಜ, ಸೌತೆಯ ಮಾತು ಪೂರ್ತಿ ಬೇರೆ. ಇವುಗಳಲ್ಲಿ ಗಂಡುಹೂವು, ಹೆಣ್ಣುಹೂವು (ಕರಬೂಜದ ಹಲವು ತಳಿಗಳಲ್ಲಿ ದ್ವಿಲಿಂಗಿ ಹೂವು) ಬೇರೆಬೇರೆಯಾಗಿರುವುದರಿಂದ ಕೀಟ ಬಾರದಿದ್ದರೆ ಕಾಯಿ ಇಲ್ಲ. ಪರಾಗಸ್ಪರ್ಶವಿಲ್ಲದೆ ಕಾಯಿ ಕಟ್ಟುವಂತೆ ರೂಪಿಸಿದ ಪಾಲಿಹೌಸ್ ಸೌತೆಯ ತಳಿಗಳು ಮಾತ್ರ ಇದಕ್ಕೆ ಹೊರತು. ಕಲ್ಲಂಗಡಿಯ ಹೂ ಸೂರ್ಯ ಮೂಡಿದ ಮೇಲೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ ಮತ್ತು ಮರುದಿನ ಅರಳುವುದಿಲ್ಲ. ಆ ಕೆಲವು ಗಂಟೆಗಳಲ್ಲಿ ಒಂದು ಹೆಣ್ಣುಹೂವಿಗೆ ಸುಮಾರು ಎಂಟು ಬಾರಿಯಾದರೂ ಜೇನು ಬಂದು ಹೋಗಬೇಕು. ಬೀಜರಹಿತ ಕಲ್ಲಂಗಡಿ ಹಾಕಿದ್ದರೆ ಪರಾಗ ಕೊಡುವ ಬೀಜದ ತಳಿಯ ಸಾಲುಗಳು ನಡುನಡುವೆ ಇರಲೇಬೇಕು, ಏಕೆಂದರೆ ಬೀಜರಹಿತ ತಳಿಯ ಪರಾಗಕ್ಕೆ ಶಕ್ತಿಯಿಲ್ಲ. ಬೀಜ ಮಾರುವವರು ಇದನ್ನು ಹೇಳಲು ಮರೆಯುವುದುಂಟು.

ಮಾವು, ಸೀಬೆ, ದಾಳಿಂಬೆ, ತೆಂಗು, ನೇರಳೆ ಇವು ನಡುವಿನ ಗುಂಪಿಗೆ ಸೇರುತ್ತವೆ. ಕೀಟವಿಲ್ಲದೆಯೂ ಅಷ್ಟಿಷ್ಟು ಕಾಯಿ ಕಟ್ಟಬಹುದು, ಆದರೆ ಕೀಟ ಬಂದರೆ ಕಾಯಿಯ ಸಂಖ್ಯೆಯೋ ಗಾತ್ರವೋ ಉತ್ತಮಗೊಳ್ಳುತ್ತದೆ. ಮಾವಿನ ಬಗ್ಗೆ ಒಂದು ಎಚ್ಚರಿಕೆ: ಅದರ ಗೊಂಚಲಿನಲ್ಲಿ ಗಂಡುಹೂವುಗಳೂ ದ್ವಿಲಿಂಗಿ ಹೂವುಗಳೂ ಬೆರೆತಿರುತ್ತವೆ, ಮತ್ತು ಎಲ್ಲವೂ ಸರಿಯಿದ್ದ ವರ್ಷದಲ್ಲಿಯೂ ನೂರು ಹೂವಿಗೆ ಒಂದು ಹಣ್ಣೂ ಕೊನೆಯವರೆಗೆ ಉಳಿಯುವುದಿಲ್ಲ. ಆದ್ದರಿಂದ ಮರದಡಿಯಲ್ಲಿ ಉದುರಿದ ಹೂವಿನ ರಾಶಿಯನ್ನು ನೋಡಿ ಜೇನಿನ ಕೊರತೆ ಎಂದು ತೀರ್ಮಾನಿಸಬೇಡಿ.

ಹಂತ 2: ಹೂವಿಗೆ ಯಾರು ಬರುತ್ತಿದ್ದಾರೆ ಎಂದು ಎಣಿಸಿರಿ

ಬೆಳೆ ಅರ್ಧ ಅರಳಿದ ಮೇಲೆ, ಗಾಳಿ ಮಳೆ ಇಲ್ಲದ ಮೂರು ದಿನಗಳನ್ನು ಆರಿಸಿಕೊಳ್ಳಿ. ಬೆಳಿಗ್ಗೆ ಏಳರಿಂದ ಹತ್ತರ ನಡುವೆ, ಕಲ್ಲಂಗಡಿಯಾದರೆ ಇಪ್ಪತ್ತು ಹೂಗಳ ಮುಂದೆ, ಮಾವಾದರೆ ಕಣ್ಣಿನ ಮಟ್ಟದಲ್ಲಿರುವ ಎರಡು ಗೊಂಚಲುಗಳ ಮುಂದೆ, ಹತ್ತು ನಿಮಿಷ ಅಲುಗಾಡದೆ ಕುಳಿತು ಬಂದ ಕೀಟಗಳನ್ನು ಗುರುತು ಹಾಕಿಕೊಳ್ಳಿ. ತೋಟದ ಅಂಚಿನಲ್ಲಿ ಒಮ್ಮೆ, ನಟ್ಟನಡುವೆ ಒಮ್ಮೆ ಎಣಿಸುವುದು ಮುಖ್ಯ. ಬೇಲಿಯ ಪಕ್ಕದಲ್ಲಿ ಕೀಟಗಳಿದ್ದು ನಡುವಿನಲ್ಲಿ ಇಲ್ಲದಿದ್ದರೆ, ನಿಮ್ಮ ತೋಟಕ್ಕೆ ಪರಾಗಸ್ಪರ್ಶ ಮಾಡುತ್ತಿರುವುದು ಆ ಬೇಲಿಯೇ ಎಂದು ತಿಳಿಯಬೇಕು.

ನಮ್ಮ ಭಾಗದಲ್ಲಿ ಕಾಣುವ ಜೇನುಗಳನ್ನು ಗುರುತಿಸುವುದು ಕಷ್ಟವಲ್ಲ. ಪೆಟ್ಟಿಗೆಯಲ್ಲಿಯೂ ಮರದ ಪೊಟರೆಯಲ್ಲಿಯೂ ಹುತ್ತದಲ್ಲಿಯೂ ಇರುವುದು ತುಡುವೆ. ದೊಡ್ಡ ಆಲದ ಮರಕ್ಕೋ ನೀರಿನ ಟ್ಯಾಂಕಿಗೋ ಒಂದೇ ಹಲಗೆಯಂತೆ ಹುಟ್ಟು ಕಟ್ಟುವುದು ಹೆಜ್ಜೇನು. ಇದು ಹೂವಿನ ಕಾಲಕ್ಕೆ ಬಂದು ಮಳೆಗಾಲದ ಹೊತ್ತಿಗೆ ಎದ್ದು ಹೋಗುವ ವಲಸೆಗಾರ. ಬೇಲಿಯ ಕಡ್ಡಿಗೆ ಅಂಗೈಯಗಲದ ಹುಟ್ಟು ಕಟ್ಟುವುದು ಕೋಲ್ಜೇನು. ಗೋಡೆಯ ಬಿರುಕಿನಲ್ಲಿ ಮೇಣದ ಕೊಳವೆಯ ಬಾಗಿಲಿಟ್ಟುಕೊಂಡು ಇರುವ, ಚುಚ್ಚಲಾರದ ಪುಟ್ಟ ಕಪ್ಪು ಜೇನು ಮಿಸರಿ. ಕೆಲವರು ಮುಜಂಟಿ ಎನ್ನುತ್ತಾರೆ. ಇವಲ್ಲದೆ ಒಣಮರ ಕೊರೆದು ಗೂಡು ಮಾಡುವ ದೊಡ್ಡ ಕಪ್ಪು ದುಂಬಿ, ಹೊಟ್ಟೆಯ ಮೇಲೆ ನೀಲಿ ಪಟ್ಟಿಗಳಿರುವ, ನೆಲದಲ್ಲಿ ಒಂಟಿಯಾಗಿ ಗೂಡು ಮಾಡುವ ಜೇನು ಇತ್ಯಾದಿಗಳನ್ನೂ ಬರೆದುಕೊಳ್ಳಿ. ಮಾವಿನಲ್ಲಿ ನೊಣಗಳನ್ನು ಕೈಬಿಡಬೇಡಿ. ಮಾವಿನ ಹೂವಿಗೆ ನೊಣಗಳ ಸೇವೆ ಜೇನಿಗಿಂತ ಕಡಿಮೆಯೇನಲ್ಲ.

ಸಾಕಿದ ಜೇನೊಂದನ್ನೇ ನಂಬಬಾರದು ಎನ್ನುವುದಕ್ಕೆ ಬಲವಾದ ಆಧಾರವಿದೆ. ಜಗತ್ತಿನ 41 ಬೆಳೆ ವ್ಯವಸ್ಥೆಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಾಡುಕೀಟಗಳ ಭೇಟಿ ಹೆಚ್ಚಿದಂತೆ ಕಾಯಿಕಟ್ಟುವಿಕೆ ಹೆಚ್ಚುವ ಪ್ರಮಾಣವು ಸಾಕಿದ ಜೇನಿನ ಅಷ್ಟೇ ಭೇಟಿಗಳಿಂದ ಹೆಚ್ಚುವುದಕ್ಕಿಂತ ಎರಡು ಪಟ್ಟು ಇದೆಯೆಂದು ತೋರಿಸಿತು. ಪೆಟ್ಟಿಗೆಯ ಜೇನು ಕಾಡುಕೀಟಗಳ ಜೊತೆಗೆ ಕೂಡಿಕೊಳ್ಳುತ್ತದೆ, ಅವುಗಳ ಜಾಗವನ್ನು ತುಂಬುವುದಿಲ್ಲ.

ಹಂತ 3: ಚೀಲದ ಪರೀಕ್ಷೆ ಮಾಡಿರಿ

ಈ ಹಂತವೇ ಇಡೀ ಕೆಲಸದ ತಿರುಳು, ಮತ್ತು ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಕಾಯಿ ನಿಲ್ಲದಿರುವುದಕ್ಕೆ ನೀರು, ಗೊಬ್ಬರ, ರೋಗ, ತಳಿ, ಬಿಸಿಲು ಹೀಗೆ ಹಲವು ಕಾರಣಗಳಿರಬಹುದು. ಅವುಗಳಿಂದ ಪರಾಗದ ಕೊರತೆಯನ್ನು ಬೇರ್ಪಡಿಸಿ ತೋರಿಸಲು ರೈತನ ಕೈಯಲ್ಲಿರುವ ಉಪಾಯಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಇದು.

ಕಲ್ಲಂಗಡಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಒಂದೇ ದಿನ ನೆಟ್ಟ, ಒಂದೇ ರೀತಿ ಬೆಳೆದ ಮೂವತ್ತು ಬಳ್ಳಿಗಳನ್ನು ಆರಿಸಿ, ಪ್ರತಿ ಬಳ್ಳಿಯಲ್ಲಿ ಮರುದಿನ ಅರಳಲಿರುವ ಒಂದೇ ಒಂದು ಹೆಣ್ಣುಮೊಗ್ಗನ್ನು ಸಂಜೆ ಗುರುತಿಸಿ. ಹೆಣ್ಣುಮೊಗ್ಗಿನ ಬುಡದಲ್ಲಿ ರೋಮವಿರುವ ಪುಟ್ಟ ಹೀಚು ಕಾಣುತ್ತದೆ, ಮರುದಿನ ಅರಳುವ ಮೊಗ್ಗಿನ ತುದಿ ಹಳದಿಗೆ ತಿರುಗಿರುತ್ತದೆ. ಹತ್ತು ಮೊಗ್ಗುಗಳಿಗೆ ಕೆಂಪು ದಾರ ಕಟ್ಟಿ ಚೀಲ ತೊಡಿಸಿ. ಇವು ಮುಚ್ಚಿದ ಹೂಗಳು. ಹತ್ತಕ್ಕೆ ಹಳದಿ ದಾರ ಕಟ್ಟಿ ಹಾಗೆಯೇ ಬಿಡಿ. ಇವು ತೆರೆದ ಹೂಗಳು. ಉಳಿದ ಹತ್ತಕ್ಕೆ ನೀಲಿ ದಾರ ಕಟ್ಟಿ, ಬೆಳಿಗ್ಗೆ ಅರಳಿದ ಕೂಡಲೇ ಬೇರೆ ಬಳ್ಳಿಗಳಿಂದ ಆಗತಾನೇ ಅರಳಿದ ಎರಡು ಮೂರು ಗಂಡುಹೂಗಳನ್ನು ತಂದು, ಎಸಳು ಹಿಂದಕ್ಕೆ ಮಡಚಿ, ಹೆಣ್ಣುಹೂವಿನ ಶಲಾಕಾಗ್ರದ ಮೂರೂ ಹಾಲೆಗಳಿಗೆ ಹಳದಿ ಪುಡಿ ಕಾಣುವಂತೆ ಹಗುರಾಗಿ ಸವರಿ. ಇವು ಕೈಯಿಂದ ಪರಾಗ ಕೊಟ್ಟ ಹೂಗಳು. ಹೂ ಅರಳಿದ ದಿನ ಕಳೆದು, ಅದರ ಮರುದಿನ ಚೀಲಗಳನ್ನು ತೆಗೆದುಬಿಡಿ.

ಒಂದು ವಾರದ ಮೇಲೆ ಎಷ್ಟು ಹೀಚು ನಿಂತಿವೆ ಎಂದು ಎಣಿಸಿ. ಮುಚ್ಚಿದ ಹೂಗಳಲ್ಲಿ ಒಂದೂ ನಿಲ್ಲಬಾರದು. ನಿಂತಿದ್ದರೆ ಚೀಲ ಸರಿಯಾಗಿ ಮುಚ್ಚಿರಲಿಲ್ಲ ಎಂದರ್ಥ. ಕೈಯಿಂದ ಪರಾಗ ಕೊಟ್ಟ ಹತ್ತರಲ್ಲಿ ಎಂಟು ನಿಂತು, ತೆರೆದ ಹತ್ತರಲ್ಲಿ ನಾಲ್ಕೇ ನಿಂತಿದ್ದರೆ ಕೊರತೆಯಿರುವುದು ಪರಾಗಸ್ಪರ್ಶದಲ್ಲಿಯೇ. ಎರಡರಲ್ಲಿಯೂ ಎಂಟೆಂಟು ನಿಂತಿದ್ದರೆ ನಿಮ್ಮಲ್ಲಿ ಕೀಟಗಳು ಸಾಕಷ್ಟಿವೆ. ಎರಡರಲ್ಲಿಯೂ ಮೂರೇ ನಿಂತಿದ್ದರೆ ಪೆಟ್ಟಿಗೆಗೆ ಹಣ ಸುರಿಯಬೇಡಿ. ತೊಂದರೆ ಬೇರಿನ ಕಡೆ, ನೀರಿನ ಕಡೆ ಅಥವಾ ವಿಪರೀತ ಬಿಸಿಲಿನಲ್ಲಿದೆ.

ಇಲ್ಲಿ ಆಗುವ ತಪ್ಪುಗಳು ಎರಡು. ಒಂದೇ ಬಳ್ಳಿಯಲ್ಲಿ ಎರಡು ಮೂರು ಹೂಗಳಿಗೆ ದಾರ ಕಟ್ಟಿದರೆ ಮೊದಲು ನಿಂತ ಕಾಯಿ ಊಟವನ್ನೆಲ್ಲ ತಾನೇ ಎಳೆದುಕೊಂಡು ಮಿಕ್ಕವು ಉದುರುತ್ತವೆ, ಲೆಕ್ಕ ಕೆಡುತ್ತದೆ. ಇನ್ನೊಂದು, ಮಾವಿನಲ್ಲಿ ಚೀಲ ತೊಡಿಸಿದಾಗ ಅದು ಜೇನು ನೊಣಗಳ ಜೊತೆಗೆ, ಹೂವಿನ ರಸ ಹೀರಿ ಕೆಡಿಸುವ ಜಿಗಿಹುಳುವನ್ನೂ ಹೊರಗಿಡುತ್ತದೆ. ಹಾಗಾಗಿ ಮುಚ್ಚಿದ ಗೊಂಚಲು ಕೆಲವೊಮ್ಮೆ ನಿರೀಕ್ಷೆಗಿಂತ ಚೆನ್ನಾಗಿ ಕಾಣಬಹುದು. ಮಾವಿನ ಹೂ ತೀರಾ ಚಿಕ್ಕದಾದ್ದರಿಂದ ಕೈಯಿಂದ ಪರಾಗ ಕೊಡುವುದು ರೈತರಿಗೆ ಕಷ್ಟ. ಅಲ್ಲಿ ಮುಚ್ಚಿದ ಮತ್ತು ತೆರೆದ ಗೊಂಚಲುಗಳನ್ನು ಹೋಲಿಸಿ, ಕೀಟಗಳಿಂದ ಎಷ್ಟು ನೆರವಾಗುತ್ತಿದೆ ಎಂಬಷ್ಟನ್ನು ತಿಳಿದುಕೊಳ್ಳಿ.

ಹೂವಿನ ಕಾಲ ಮುಗಿದುಹೋಗಿದ್ದರೆ ಕಾಯಿಯೇ ಸಾಕ್ಷಿ ಹೇಳುತ್ತದೆ. ಒಂದು ಬದಿ ಉಬ್ಬಿ ಇನ್ನೊಂದು ಬದಿ ಸೊರಗಿರುವ ಕಲ್ಲಂಗಡಿಯನ್ನೋ ಸೌತೆಯನ್ನೋ ಉದ್ದಕ್ಕೆ ಸೀಳಿ ನೋಡಿ. ಉಬ್ಬಿದ ಕಡೆ ಬೀಜಗಳು ತುಂಬಿಕೊಂಡಿದ್ದು, ಸೊರಗಿದ ಕಡೆ ಬಿಳಿಯಾಗಿ, ಉಗುರಿನಿಂದ ಒತ್ತಿದರೆ ಒಳಗೆ ಏನೂ ಇಲ್ಲದ ಚಪ್ಪಟೆ ಬೀಜಗಳಿದ್ದರೆ, ಆ ಕಡೆಯ ಅಂಡಕಗಳಿಗೆ, ಅಂದರೆ ಬೀಜವಾಗಬೇಕಾದ ಕಣಗಳಿಗೆ, ಪರಾಗ ಸಾಕಷ್ಟು ತಲುಪಿಲ್ಲ. ಬೀಜಗಳು ಎರಡೂ ಕಡೆ ಸಮನಾಗಿ ತುಂಬಿದ್ದೂ ಕಾಯಿ ಸೊಟ್ಟಗಿದ್ದರೆ ಕಾರಣವನ್ನು ನೀರು, ಗೊಬ್ಬರ, ರೋಗಗಳಲ್ಲಿ ಹುಡುಕಿ.

ಹಂತ 4: ಸುತ್ತಲ ನೆಲದ ನಕ್ಷೆ ಬರೆಯಿರಿ

ಮೊಬೈಲಿನ ಉಪಗ್ರಹ ನಕ್ಷೆಯಲ್ಲಿ ನಿಮ್ಮ ತೋಟದ ನಡುವನ್ನು ಹಿಡಿದು, ಅಳತೆ ಸಾಧನದಿಂದ 500 ಮೀಟರ್ ಮತ್ತು ಒಂದು ಕಿಲೋಮೀಟರ್ ತ್ರಿಜ್ಯದ ಎರಡು ವೃತ್ತಗಳನ್ನು ಗುರುತಿಸಿ. ಮಿಸರಿ, ಕೋಲ್ಜೇನುಗಳು ಕೆಲವು ನೂರು ಮೀಟರಿನಾಚೆ ಹೆಚ್ಚಾಗಿ ಹೋಗುವುದಿಲ್ಲ. ತುಡುವೆ ಬಹುಮಟ್ಟಿಗೆ ಒಂದು ಕಿಲೋಮೀಟರಿನೊಳಗೇ ದುಡಿಯುತ್ತದೆ. ಹೆಜ್ಜೇನು ಹಲವು ಕಿಲೋಮೀಟರ್ ಹಾರಬಲ್ಲದು. ಚಿಕ್ಕ ವೃತ್ತದಲ್ಲಿ ಸುಮಾರು 194 ಎಕರೆ, ದೊಡ್ಡದರಲ್ಲಿ ಸುಮಾರು 776 ಎಕರೆ ನೆಲವಿದೆ. ನಿಮ್ಮ ಎರಡು ಎಕರೆ ಕಲ್ಲಂಗಡಿಯ ಹಣೆಬರಹ ಆ 776 ಎಕರೆಯಲ್ಲಿ ಏನಿದೆ ಎನ್ನುವುದರ ಮೇಲೆ ನಿಂತಿದೆ.

ವೃತ್ತದೊಳಗಿನ ನೆಲವನ್ನು ಬಗೆಬಗೆಯಾಗಿ ಬಣ್ಣ ಹಾಕಿ ತೋರಿಸಿ: ಭತ್ತ, ಕಬ್ಬು, ತೆಂಗು, ಹಿಪ್ಪುನೇರಳೆ, ತರಕಾರಿ, ಒಣಬೇಸಾಯ, ಬೀಳು, ಗೋಮಾಳ, ಕೆರೆ ಏರಿ, ನಾಲೆ ಏರಿ, ಗುಂಡುತೋಪು, ರಸ್ತೆಬದಿಯ ಮರಗಳು. ನಂತರ ನಕ್ಷೆಯನ್ನು ಹಿಡಿದು ಒಮ್ಮೆ ನಡೆದು ಬನ್ನಿ, ಏಕೆಂದರೆ ಉಪಗ್ರಹಕ್ಕೆ ಬೇಲಿಯ ತುಂಬೆ ಗಿಡ ಕಾಣುವುದಿಲ್ಲ.

ಓದುವಾಗ ಮೋಸ ಹೋಗುವುದು ಹಸಿರಿಗೆ. ಭತ್ತ, ಕಬ್ಬಿನ ಮಾತು ಆಗಲೇ ಹೇಳಿದ್ದೇನೆ. ಹಿಪ್ಪುನೇರಳೆ ಸೊಪ್ಪಿಗಾಗಿ ಕತ್ತರಿಸಿಕೊಂಡೇ ಇರುವ ಬೆಳೆ, ಅದರ ಹೂವೂ ಗಾಳಿಯನ್ನೇ ನಂಬಿದ್ದು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಹೊಲಗಳಿದ್ದರೆ, ಎಲೆ ದಪ್ಪವಾಗಲೆಂದು ಹೂಗೊನೆಯನ್ನು ಮುರಿದುಹಾಕುವುದರಿಂದ ಅಲ್ಲಿಯೂ ಜೇನಿಗೆ ಏನೂ ಉಳಿಯುವುದಿಲ್ಲ. ತೆಂಗು ಮಾತ್ರ ವರ್ಷವಿಡೀ ಹೊಂಬಾಳೆ ಒಡೆಯುವ ಮರವಾದ್ದರಿಂದ ಈ ಬಯಲಿನ ಜೇನನ್ನು ಬರಗಾಲದಲ್ಲಿಯೂ ಉಳಿಸಿಕೊಂಡು ಬಂದಿದೆ.

23 ಅಧ್ಯಯನಗಳನ್ನು ಸೇರಿಸಿ 2008ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಸಹಜ ಗಿಡಮರಗಳಿರುವ ನೆಲದಿಂದ ಸುಮಾರು 600 ಮೀಟರ್ ದೂರ ಹೋಗುವಷ್ಟರಲ್ಲಿ ಬೆಳೆಯ ಹೂವಿಗೆ ಬರುವ ಕೀಟಗಳ ಭೇಟಿ ಸರಾಸರಿ ಅರ್ಧಕ್ಕೆ ಇಳಿಯುತ್ತದೆ. ಬಿಸಿಲುನಾಡುಗಳಲ್ಲಿ ಈ ಇಳಿತ ಇನ್ನೂ ಕಡಿದು. ನಿಮ್ಮ ನಕ್ಷೆಯಲ್ಲಿ ಗುಂಡುತೋಪೋ ಕುರುಚಲು ಗೋಮಾಳವೋ 500 ಮೀಟರಿನೊಳಗೆ ಇದ್ದರೆ ನೀವು ಅದೃಷ್ಟವಂತರು, ಅದನ್ನು ಕಡಿಯುವ ಮಾತು ಊರಿನಲ್ಲಿ ಬಂದಾಗ ಸುಮ್ಮನಿರಬೇಡಿ.

ಹಂತ 5: ಹೂವಿನ ಪಂಚಾಂಗ ಬರೆದು, ಖಾಲಿ ತಿಂಗಳುಗಳನ್ನು ತುಂಬಿರಿ

ಹನ್ನೆರಡು ತಿಂಗಳ ಹನ್ನೆರಡು ಸಾಲು ಬರೆದು, ನಿಮ್ಮ ವೃತ್ತದೊಳಗೆ ಯಾವ ತಿಂಗಳು ಯಾವ ಹೂ ಇರುತ್ತದೆ ಎಂದು ತುಂಬಿ. ನಮ್ಮ ಬಯಲಿನಲ್ಲಿ ಸಾಮಾನ್ಯವಾಗಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಮಾವು, ಮಾರ್ಚ್ ಏಪ್ರಿಲ್‌ನಲ್ಲಿ ಹೊಂಗೆ, ಬೇವು, ನೇರಳೆ, ಅದರ ಬೆನ್ನಿಗೆ ಹುಣಸೆ, ಮುಂಗಾರಿಗೆ ಮುನ್ನ ಬಿತ್ತಿದ ಎಳ್ಳು, ಮಳೆ ಬಿದ್ದ ಮೇಲೆ ಬದುವಿನ ತುಂಬೆ, ಸೆಪ್ಟೆಂಬರಿನಿಂದ ಮುಂದೆ ಹುಚ್ಚೆಳ್ಳು, ನಂತರ ತೊಗರಿ ಹೀಗೆ ಹೂವಿನ ಸರದಿ ಸಾಗುತ್ತದೆ. ಮಳೆಯನ್ನು ನೋಡಿಕೊಂಡು ಇದು ಹಿಂದುಮುಂದಾಗುವುದುಂಟು. ನಿಮ್ಮ ಪಟ್ಟಿಯಲ್ಲಿ ತೆಂಗಿನ ಹೊರತು ಬೇರೇನೂ ಇಲ್ಲದ ತಿಂಗಳುಗಳಿಗೆ ಕೆಂಪು ಗೆರೆ ಎಳೆಯಿರಿ. ನಾಲೆ ಬಯಲಿನಲ್ಲಿ ಇದು ಹೆಚ್ಚಾಗಿ ಮಳೆಗಾಲದ ನಡುಭಾಗದಲ್ಲಿ ಬೀಳುತ್ತದೆ.

ಆ ಕೆಂಪು ಗೆರೆಗಳನ್ನು ತುಂಬುವುದು ಈ ಹಂತದ ಕೆಲಸ. ಬೇಗ ಫಲ ಬೇಕಾದರೆ ಬೇಲಿಗೆ ಆಂಟಿಗೋನಾನ್ ಬಳ್ಳಿ ಹಬ್ಬಿಸಿ, ಅದರ ಗುಲಾಬಿ ಹೂವಿಗೆ ಜೇನು ಮುಗಿಬೀಳುತ್ತದೆ. ಆದರೆ ಅದು ಹಬ್ಬುವ ವೇಗ ಹೆಚ್ಚು, ವರ್ಷಕ್ಕೊಮ್ಮೆ ಕತ್ತರಿಸದಿದ್ದರೆ ಬೇಲಿಯನ್ನೇ ನುಂಗುತ್ತದೆ. ತೋಟದ ಮೂಲೆಗಳಲ್ಲಿ ನುಗ್ಗೆ ನೆಡಿ. ಕೊತ್ತಂಬರಿ, ಸಬ್ಬಸಿಗೆಯ ಒಂದೆರಡು ಪಾತಿಯನ್ನು ಕೀಳದೆ ಹೂವಿಗೆ ಬಿಡಿ. ಮನೆಯ ಖರ್ಚಿಗಾದರೂ ಒಂದಿಷ್ಟು ಹುಚ್ಚೆಳ್ಳು ಬಿತ್ತಿ. ನಿಧಾನವಾಗಿ ಫಲ ಕೊಡುವ ಹೊಂಗೆ, ನೇರಳೆ, ಹುಣಸೆಗಳಿಗೆ ಕೆರೆ ಏರಿಯ ಕೆಳಭಾಗವೋ ಗೋಮಾಳವೋ ಸರಿಯಾದ ಜಾಗ, ಅದಕ್ಕೆ ಗ್ರಾಮ ಪಂಚಾಯಿತಿಯ ಒಪ್ಪಿಗೆ ಬೇಕು.

ಒಂದು ಎಚ್ಚರಿಕೆ. ನಿಮ್ಮ ಬೆಳೆ ಹೂವಿಗೆ ಬಂದ ವಾರಗಳಲ್ಲಿಯೇ ಪಕ್ಕದಲ್ಲಿ ಹೊಂಗೆಯ ಸಾಲು ಅರಳಿದರೆ ಜೇನು ಮಕರಂದ ಹೆಚ್ಚಿರುವ ಹೊಂಗೆಯನ್ನೇ ಹಿಡಿಯುತ್ತದೆ, ಕಲ್ಲಂಗಡಿಯತ್ತ ತಿರುಗಿಯೂ ನೋಡುವುದಿಲ್ಲ. ಇದಕ್ಕೆ ಹೊಂಗೆ ಕಡಿಯುವುದು ಪರಿಹಾರವಲ್ಲ, ಆ ಮರವೇ ಜೇನಿನ ಸಂಸಾರವನ್ನು ಬೆಳೆಸುವುದು. ಬಿತ್ತನೆಯನ್ನು ಎರಡು ಮೂರು ವಾರ ಹಿಂದುಮುಂದು ಮಾಡಿ ಹೂವಿನ ಕಾಲ ಬೇರೆಯಾಗುವಂತೆ ನೋಡಿಕೊಳ್ಳಿ.

ಹಂತ 6: ಗೂಡಿಗೆ ಜಾಗ ಬಿಡಿ

ಊಟ ಇದ್ದರೂ ಮನೆಯಿಲ್ಲದಿದ್ದರೆ ಕೀಟ ನಿಲ್ಲುವುದಿಲ್ಲ. ನೆಲದಲ್ಲಿ ಗೂಡು ಮಾಡುವ ಒಂಟಿ ಜೇನುಗಳಿಗೆ ಉಳದ, ಬಿಸಿಲು ಬೀಳುವ ಬರಿಮಣ್ಣಿನ ಬದು ಬೇಕು. ತೋಟವಿಡೀ ಪ್ಲಾಸ್ಟಿಕ್ ಮಲ್ಚಿಂಗ್ ಹಾಳೆ ಹಾಸಿ ಬದುವಿಗೂ ಕಳೆನಾಶಕ ಹೊಡೆದರೆ ಅವುಗಳಿಗೆ ಕಾಲಿಡಲು ಎಡೆಯಿಲ್ಲ. ಒಣಗಿದ ಮರದ ತುಂಡು, ಬಿದಿರಿನ ಕಟ್ಟು, ಹುತ್ತ ಇವುಗಳನ್ನು ಒಂದು ಮೂಲೆಯಲ್ಲಿ ಹಾಗೆಯೇ ಇರಗೊಡಿ. ಕಬ್ಬಿನ ಒಣತರಗಿಗೆ ಬೆಂಕಿ ಹಚ್ಚುವಾಗ ಬೇಲಿಗೆ ತಗುಲದಂತೆ ನೋಡಿಕೊಳ್ಳಿ, ಕೋಲ್ಜೇನಿನ ಹುಟ್ಟು ಇರುವುದು ಅಲ್ಲೇ. ಹೆಜ್ಜೇನಿನ ಹುಟ್ಟಿಗೆ ರಾತ್ರಿ ಪಂಜು ಹಿಡಿದು ಸುಡುವುದು ಇನ್ನೂ ನಿಂತಿಲ್ಲ. ಜನ ಓಡಾಡುವ ಜಾಗದಲ್ಲಿ ಅಪಾಯವಿದ್ದರೆ ತಿಳಿದವರನ್ನು ಕರೆಸಿ ಎಬ್ಬಿಸಬೇಕು, ಸುಡಬಾರದು.

ಹಂತ 7: ಔಷಧಿ ಸಿಂಪರಣೆಯ ವೇಳೆಯನ್ನು ಬದಲಿಸಿರಿ

ಐದು ವರ್ಷ ಬೆಳೆಸಿದ ಬೇಲಿಯ ಫಲವನ್ನು ಒಂದು ಬೆಳಗಿನ ಸಿಂಪರಣೆ ಕಳೆಯಬಲ್ಲದು. ಹೂ ಅರಳಿರುವಾಗ ಕೀಟನಾಶಕ ಹೊಡೆಯದಿರುವುದೇ ಮೊದಲ ನಿಯಮ. ಮಾವಿನಲ್ಲಿ ಜಿಗಿಹುಳುವಿಗೆ ಔಷಧಿ ಬೇಕೆಂದಾದರೆ ಗೊಂಚಲು ಹೊರಟು ಹೂ ಅರಳುವ ಮೊದಲು ಒಮ್ಮೆ, ಆ ಮೇಲೆ ಕಾಯಿ ಬಟಾಣಿ ಗಾತ್ರಕ್ಕೆ ಬಂದ ನಂತರ ಇನ್ನೊಮ್ಮೆ ಎಂದು ವೇಳೆ ಹಾಕಿಕೊಳ್ಳಿ. ನಡುವಿನ ಅವಧಿ ಜೇನು ಮತ್ತು ನೊಣಗಳದು. ಕಲ್ಲಂಗಡಿಯಂತಹ ದಿನವೂ ಹೊಸ ಹೂ ಬಿಡುವ ಬೆಳೆಯಲ್ಲಿ ಅನಿವಾರ್ಯವಾದರೆ ಹೂಗಳು ಮುಚ್ಚಿದ ಮೇಲೆ, ಮುಸ್ಸಂಜೆಯಲ್ಲಿ ಸಿಂಪಡಿಸಿ. ಪುಡಿ ಎರಚುವ ಔಷಧಿ ಜೇನಿನ ಮೈರೋಮಕ್ಕೆ ಪರಾಗದಂತೆಯೇ ಅಂಟಿ ಗೂಡಿಗೆ ಹೋಗುವುದರಿಂದ ಅದನ್ನು ಪೂರ್ತಿ ಬಿಡಿ. ಶಿಲೀಂಧ್ರನಾಶಕವನ್ನೂ ಅರಳಿದ ಹೂವಿನ ಮೇಲೆ ಹೊಡೆಯದಿರುವುದು ಲೇಸು, ಕೆಲವು ಶಿಲೀಂಧ್ರನಾಶಕಗಳು ಪರಾಗ ಮೊಳೆಯುವುದನ್ನೇ ತಡೆಯುತ್ತವೆ.

ಅಂತರ್ವ್ಯಾಪಿ ಕೀಟನಾಶಕ ಎಂದರೆ ಗಿಡದೊಳಗೆ ಹೀರಿಕೊಂಡು ಎಲೆ, ಕಾಂಡ, ಕೊನೆಗೆ ಮಕರಂದ ಮತ್ತು ಪರಾಗಕ್ಕೂ ಸೇರುವ ಔಷಧಿ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಈ ಗುಂಪಿನವು. ಇವನ್ನು ಸಂಜೆ ಹೊಡೆದರೂ ಮುಂದಿನ ದಿನಗಳ ಹೂವಿನಲ್ಲಿ ಅಂಶ ಉಳಿಯುತ್ತದೆ. ಯುರೋಪಿಯನ್ ಒಕ್ಕೂಟವು 2018ರಲ್ಲಿ ಇವೆರಡನ್ನೂ ಕ್ಲೋಥಿಯಾನಿಡಿನ್ ಅನ್ನೂ ತೆರೆದ ಹೊಲದಲ್ಲಿ ಬಳಸದಂತೆ ನಿಷೇಧಿಸಿದ್ದು ಜೇನಿನ ಕಾರಣಕ್ಕೇ.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನು ನೋಡಿ ಸಮಾಧಾನಪಡುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಕೆಂಪು, ಹಳದಿ, ನೀಲಿ, ಹಸಿರು ಎಂಬ ಆ ವಿಂಗಡಣೆ ಇಲಿಗಳ ಮೇಲಿನ ಪರೀಕ್ಷೆಯನ್ನು ಆಧರಿಸಿ ಮನುಷ್ಯರಿಗೆ ಇರುವ ಅಪಾಯವನ್ನು ಸೂಚಿಸುತ್ತದೆ. ಹಸಿರು ತ್ರಿಕೋನವಿದ್ದರೆ ಜೇನಿಗೆ ಸುರಕ್ಷಿತ ಎಂದಲ್ಲ. ಜೇನಿನ ಬಗೆಗಿನ ಎಚ್ಚರಿಕೆ ಒಳಗಿನ ಚೀಟಿಯ ಸಣ್ಣಕ್ಷರದಲ್ಲಿರುತ್ತದೆ, ಓದಿ.

ಪಕ್ಕದವರು ಹೊಡೆಯುವುದನ್ನು ತಡೆಯುವುದು ಹೇಗೆ ಎಂದು ಕೇಳುವವರಿಗೆ ನಮ್ಮ ಜಿಲ್ಲೆಗಳಲ್ಲಿ ಉತ್ತರ ಸಿದ್ಧವಾಗಿಯೇ ಇದೆ. ರೇಷ್ಮೆ ಸಾಕುವ ಮನೆಯವರು ಪಕ್ಕದ ಹೊಲದವರಿಗೆ "ಹುಳ ಜ್ವರಕ್ಕೆ ಕೂತಿದೆ, ನಾಲ್ಕು ದಿನ ಔಷಧಿ ಹೊಡೀಬೇಡಿ ಅಣ್ಣ" ಎಂದು ಹೇಳಿಬರುವುದೂ, ಹೊಲದವರು ಅದನ್ನು ನಡೆಸಿಕೊಡುವುದೂ ಹಳೆಯ ವಾಡಿಕೆ. (ಜ್ವರ ಎಂದರೆ ಹುಳು ಪೊರೆ ಬಿಡುವ ಮುನ್ನ ಮೇವು ಬಿಟ್ಟು ಸುಮ್ಮನೆ ಕೂರುವ ಹಂತ.) ಹೂವಿನ ವಾರಗಳಲ್ಲಿ ಅದೇ ಮಾತನ್ನು ಜೇನಿಗಾಗಿ ಹೇಳಿದರೆ ಹೊಸದೆನಿಸುವುದಿಲ್ಲ.

ಹಂತ 8: ಈಗ ಪೆಟ್ಟಿಗೆ

ಚೀಲದ ಪರೀಕ್ಷೆಯಲ್ಲಿ ಕೊರತೆ ಕಂಡಿದ್ದರೆ ಮಾತ್ರ ಈ ಹಂತಕ್ಕೆ ಬನ್ನಿ. ಕಲ್ಲಂಗಡಿ, ಸೌತೆಯಂತಹ ಬೆಳೆಗೆ ಎಕರೆಗೆ ಎರಡು ತುಡುವೆ ಪೆಟ್ಟಿಗೆಯಿಂದ ಆರಂಭಿಸಿ, ಎಣಿಕೆಯಲ್ಲಿ ಭೇಟಿ ಕಡಿಮೆ ಕಂಡರೆ ಹೆಚ್ಚಿಸಿ ಎನ್ನುವುದು ನನ್ನ ಸಲಹೆ. ಸಂಖ್ಯೆಗಿಂತ ಕುಟುಂಬದ ಬಲ ಮುಖ್ಯ. ಸಂಸಾರ ಕೋಣೆ, ಅಂದರೆ ರಾಣಿ ಮೊಟ್ಟೆಯಿಡುವ ಕೆಳಗಿನ ಕೋಣೆಯಲ್ಲಿ, ಹುಟ್ಟು ಕಟ್ಟುವ ಚೌಕಟ್ಟುಗಳಲ್ಲಿ ಐದರ ಮೇಲಾದರೂ ಹುಳು ತುಂಬಿರಬೇಕು ಮತ್ತು ಮೇಣದ ಮುಚ್ಚಳ ಇನ್ನೂ ಹಾಕದ ಕಣಗಳಲ್ಲಿ ಮರಿಗಳು ಇರಬೇಕು. ಮರಿಗಳಿಗೆ ಉಣಿಸುವುದು ಪರಾಗವನ್ನಾದ್ದರಿಂದ ಮರಿಯಿರುವ ಕುಟುಂಬವೇ ಪರಾಗಕ್ಕಾಗಿ ಹೂವಿನಿಂದ ಹೂವಿಗೆ ಅಲೆಯುತ್ತದೆ. ಮರಿಯಿಲ್ಲದ ನಾಲ್ಕು ಪೆಟ್ಟಿಗೆಗಿಂತ ಅಂಥದ್ದೊಂದು ಮೇಲು.

ಕೊಳ್ಳುವಾಗ ರೋಗವನ್ನು ನೋಡಿ. 1991-92ರ ಹೊತ್ತಿಗೆ ದಕ್ಷಿಣ ಭಾರತಕ್ಕೆ ಹಬ್ಬಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜಾಣು ರೋಗ ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತ್ತು, ಈಗಲೂ ಅದು ಆಗಾಗ ತಲೆಯೆತ್ತುತ್ತದೆ. ಸತ್ತ ಮರಿ ಹುಟ್ಟಿನ ಕಣದಲ್ಲಿ ತಲೆ ಮೇಲೆತ್ತಿ ಚಾಚಿಕೊಂಡಿದ್ದು, ಕಡ್ಡಿಯಿಂದ ಎತ್ತಿದರೆ ನೀರು ತುಂಬಿದ ಸಂಚಿಯಂತೆ ಜೋತುಬಿದ್ದರೆ ಆ ಪೆಟ್ಟಿಗೆ ಬೇಡ. ತರಬೇತಿ ಮತ್ತು ಸಹಾಯಧನದ ವಿಚಾರಕ್ಕೆ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನೂ, ಮಂಡ್ಯದವರು ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರವನ್ನೂ, ಮೈಸೂರಿನವರು ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರವನ್ನೂ ವಿಚಾರಿಸಬಹುದು.

ಪೆಟ್ಟಿಗೆಯನ್ನು ತೋಟಕ್ಕೆ ತರುವುದು ಹೂ ಹತ್ತರಲ್ಲೊಂದು ಪಾಲು ಅರಳಿದಾಗ. ಅದಕ್ಕೂ ಮೊದಲೇ ತಂದರೆ ಜೇನು ಸುತ್ತಲಿನ ಬೇರೆ ಹೂಗಳನ್ನು ರೂಢಿ ಮಾಡಿಕೊಂಡುಬಿಡುತ್ತದೆ. ರಾತ್ರಿ ಬಾಗಿಲು ಮುಚ್ಚಿ ಸಾಗಿಸಿ. ಹಳೆಯ ಜಾಗ ಒಂದೆರಡು ಕಿಲೋಮೀಟರಿನೊಳಗಿದ್ದರೆ ದುಡಿಯುವ ಜೇನುಗಳು ಅಲ್ಲಿಗೇ ಹಿಂದಿರುಗಿ ಕಳೆದುಹೋಗುತ್ತವೆ. ಎಲ್ಲವನ್ನೂ ಒಂದೇ ಮೂಲೆಯಲ್ಲಿ ಇಡದೆ ತೋಟದ ಎರಡು ಮೂರು ಕಡೆ ಹಂಚಿ. ಬೆಳಗಿನ ಬಿಸಿಲು ಬಾಗಿಲಿಗೆ ಬೀಳುವಂತೆ, ಮಧ್ಯಾಹ್ನಕ್ಕೆ ನೆರಳಿರುವಂತೆ ನಿಲ್ಲಿಸಿ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟರೆ ಇರುವೆ ಹತ್ತುವುದಿಲ್ಲ. ಜೇನು ಕುಡಿಯಲು ಅಗಲವಾದ ತಟ್ಟೆಯಲ್ಲಿ ಕಲ್ಲುಹರಳು ಹಾಕಿ ನೀರಿಡಿ.

ಮಂಡ್ಯದಲ್ಲಿ ಮಾತ್ರ ಹೇಳಬೇಕಾದ ಮಾತೊಂದಿದೆ: ಆಲೆಮನೆ. ಸುತ್ತ ಹೂವಿಲ್ಲದ ದಿನಗಳಲ್ಲಿ ಜೇನು ಕಬ್ಬಿನ ಹಾಲಿಗೂ ಬೆಲ್ಲದ ಪಾಕಕ್ಕೂ ಮುತ್ತುತ್ತದೆ, ಕೊಪ್ಪರಿಗೆಗೆ ಬಿದ್ದು ಸಾಯುತ್ತದೆ. ಬೆಲ್ಲ ಅಚ್ಚು ಹಾಕುವಾಗ ಸೌಟಿನಿಂದ ಜೇನಿನ ಹೆಣ ತೆಗೆದೆಸೆಯುವುದನ್ನು ನೀವೂ ನೋಡಿರುತ್ತೀರಿ. ನಿಮ್ಮ ನಕ್ಷೆಯಲ್ಲಿ ಆಲೆಮನೆ ಇದ್ದರೆ ಪೆಟ್ಟಿಗೆಯನ್ನು ಅದಕ್ಕೆ ದೂರವಾದ ಅಂಚಿನಲ್ಲಿಡಿ, ಮತ್ತು ಐದನೆಯ ಹಂತದ ಕೆಂಪು ಗೆರೆಯ ತಿಂಗಳುಗಳಲ್ಲಿ ಗೂಡಿನೊಳಗೇ ಸಕ್ಕರೆ ಪಾಕ ಕೊಡಿ. ಬಾಡಿಗೆ ಪೆಟ್ಟಿಗೆಯಾದರೆ ಸಿಂಪರಣೆಗೆ ಎರಡು ದಿನ ಮುಂಚೆ ಜೇನು ಸಾಕಣೆದಾರರಿಗೆ ತಿಳಿಸುವುದಾಗಿ ಮೊದಲೇ ಬರೆದುಕೊಡಿ, ಮುಂದೆ ಜಗಳವಿರುವುದಿಲ್ಲ.

ಹಂತ 9: ಮುಂದಿನ ಹೂವಿನ ಕಾಲಕ್ಕೆ ಅದೇ ಪರೀಕ್ಷೆ

ಮರುವರ್ಷ ಅದೇ ತಿಂಗಳು, ಅದೇ ಹೊತ್ತಿಗೆ ಎರಡನೆಯ ಮತ್ತು ಮೂರನೆಯ ಹಂತಗಳನ್ನು ಮತ್ತೆ ಮಾಡಿ, ಹಳೆಯ ಲೆಕ್ಕದ ಪಕ್ಕದಲ್ಲಿ ಬರೆಯಿರಿ. ಕೈಯಿಂದ ಪರಾಗ ಕೊಟ್ಟ ಹೂವಿಗೂ ತೆರೆದ ಹೂವಿಗೂ ನಡುವಿನ ಅಂತರ ಕಡಿಮೆಯಾಗಿದ್ದರೆ ಒಂದು ಪೆಟ್ಟಿಗೆ ಕಡಿಮೆ ಮಾಡಿ ನೋಡಬಹುದು. ತೋಟದ ನಡುವಿನ ಎಣಿಕೆ ಏರದೆ ಅಂಚಿನದು ಮಾತ್ರ ಏರಿದ್ದರೆ ಹೂಗಿಡಗಳ ಒಂದು ಸಾಲನ್ನು ತೋಟದ ನಡುವೆಯೇ ಹಾಯಿಸಬೇಕಾಗುತ್ತದೆ. ಪೆಟ್ಟಿಗೆ ಇಟ್ಟೂ ಎರಡೂ ಕಡೆಯ ಎಣಿಕೆ ಏರದಿದ್ದರೆ, ಪೆಟ್ಟಿಗೆ ಹೆಚ್ಚಿಸುವ ಮುನ್ನ ನಕ್ಷೆಯನ್ನು ಹಿಡಿದು ಹೊರಟು, ಆ ವಾರ ವೃತ್ತದೊಳಗೆ ಯಾರು ಯಾವ ಔಷಧಿ ಹೊಡೆದರು ಮತ್ತು ಬೇರೆ ಯಾವ ಮರ ಅರಳಿತ್ತು ಎಂದು ವಿಚಾರಿಸಿ ಬನ್ನಿ.